ನನ್ನ ಮಗಳ ವಸಡನ್ನು ಕಂಡುಹಿಡಿದ ಡಾಕ್ಟರಿಗೆ

ಮಾನ್ಯರೇ,

ಚಂದ್ರಾ ಲೇಔಟಿನ ನಗೆಮುತ್ತು ಸ್ಮೈಲ್ ಸ್ಟುಡಿಯೋದ ಒಡೆಯರೂ, ಯಾರು ಎಷ್ಟು ನಗಬೇಕೆಂದು ಅಳೆದು ಹೇಳಬಲ್ಲವರೂ ಆದ ಡಾ. ಚನ್ನವೀರೇಶ್ ಅವರಿಗೆ ಮೂಡಲಪಾಳ್ಯದ ವಿಮಲಮ್ಮ ಮಾಡುವ ಅನಂತ ನಮಸ್ಕಾರಗಳು. ತಮ್ಮ ದಯೆಯಿಂದ ನಾವೆಲ್ಲ ಕ್ಷೇಮ. ನನ್ನ ಮಗಳು ಸ್ಪಂದನ ಮಾತ್ರ ನಗಲಾರದ ಸ್ಥಿತಿಯಲ್ಲಿದ್ದಾಳೆ. ನಮ್ಮ ಮಹಿಳಾ ಮಂಡಳಿಯ ಪರವಾಗಿ ಚರಂಡಿ, ಬೀದಿದೀಪ, ನಾಯಿ ಕಾಟಗಳ ಬಗ್ಗೆ ಅರ್ಜಿ ಬರೆದು ಪಳಗಿದ ಕೈ ನನ್ನದು. ನಗುವಿನ ಬಗ್ಗೆಯೂ ಅರ್ಜಿ ಬರೆಯುವ ಭಾಗ್ಯ ತಮ್ಮಿಂದಲೇ ಒದಗಿತು.

ರಾಜ್ಯೋತ್ಸವದ ದಿನ ನಮ್ಮ ಬೀದಿಯ ಪೆಂಡಾಲಿನಲ್ಲಿ ತಾವು ನಡೆಸಿದ ಉಚಿತ ದಂತ ತಪಾಸಣೆಗೆ ನಾನು ಬಂದದ್ದು ನನ್ನ ದವಡೆ ಹಲ್ಲಿನ ನೋವಿಗೆ. ನನ್ನ ಬಾಯೊಳಗೆ ಟಾರ್ಚ್ ಬಿಟ್ಟಿದ್ದ ತಾವು, ಪಕ್ಕದಲ್ಲಿ ಯಾವುದಕ್ಕೋ ನಗುತ್ತಿದ್ದ ಸ್ಪಂದನಳತ್ತ ತಿರುಗಿ, "ಮೇಡಂ, ನಿಮ್ ಮಗಳಿಗೆ ಗಮ್ಮಿ ಸ್ಮೈಲ್ ಇದೆ, ಗೊತ್ತಾ? ನಕ್ರೆ ವಸಡು ಪೂರ್ತಿ ಕಾಣುತ್ತೆ" ಎಂದಿರಿ. ಹುಟ್ಟಿದಾಗಿನಿಂದ ಆ ಮುಖ ನೋಡುತ್ತಾ ಬಂದ ನನಗೆ ಅದು ಗೊತ್ತಿರಲಿಲ್ಲ. ನಾನು ಅದನ್ನು ನಗು ಎಂದೇ ತಿಳಿದಿದ್ದೆ. ನನ್ನ ಹಲ್ಲುನೋವು ಹಾಗೇ ಉಳಿಯಿತು.

ಆಮೇಲೆ ಕ್ಲಿನಿಕ್ಕಿನ ಟಿವಿಯಲ್ಲಿ ಚಿತ್ರ ತೋರಿಸಿ ತಾವು ಕಾರಣಗಳನ್ನು ವಿವರಿಸಿದ ರೀತಿಯನ್ನು ಎಷ್ಟು ಹೊಗಳಿದರೂ ಸಾಲದು. ಮೇಲ್ದುಟಿ ಗಿಡ್ಡವಿರಬಹುದು, ಹಲ್ಲಿನ ಒಂದು ಭಾಗ ವಸಡಿನೊಳಗೇ ಅಡಗಿರಬಹುದು, ಮೇಲ್ದವಡೆಯ ಮೂಳೆಯೇ ಉದ್ದ ಬೆಳೆದಿರಬಹುದು, ಇಲ್ಲವೇ ತುಟಿಯನ್ನೆತ್ತುವ ಸ್ನಾಯು ಜೋರಾಗಿರಬಹುದು ಎಂದಿರಿ. ವಸಡಾದರೆ ಲೇಸರಿನಲ್ಲಿ ಕತ್ತರಿಸುವುದು, ಮೂಳೆಯಾದರೆ ದವಡೆಯನ್ನೇ ಕೊಯ್ದು ಮೇಲೇರಿಸುವುದು, ಸ್ನಾಯುವಾದರೆ ಇಂಜೆಕ್ಷನ್ ಕೊಟ್ಟು ಮಲಗಿಸುವುದು ಎಂದೂ ತಿಳಿಸಿದಿರಿ. ಸ್ಪಂದನಳದು ಸ್ನಾಯುವಿನ ತಪ್ಪಂತೆ. ನಗು ಬಂದರೆ ಅದು ತುಟಿಯನ್ನು ಮಿತಿಮೀರಿ ಎತ್ತುತ್ತದಂತೆ. ತನ್ನ ಕೆಲಸವನ್ನು ಮನಸ್ಸಿಟ್ಟು ಮಾಡುವುದೇ ಕಾಯಿಲೆಯಾದರೆ, ನನ್ನ ಚರಂಡಿ ಅರ್ಜಿಗಳ ಮೇಲೆ ಕೂತಿರುವವರೆಲ್ಲ ಪೂರ್ಣ ಆರೋಗ್ಯವಂತರೆಂದು ನನಗೆ ಆಗ ಹೊಳೆಯಿತು.

ಅಂದಿನಿಂದ ನನ್ನ ಮಗಳು ನಗು ಬಂದರೆ ಬಾಯಿಗೆ ಕೈ ಅಡ್ಡ ಹಿಡಿಯತೊಡಗಿದಳು. ಎಷ್ಟು ನಕ್ಕರೆ ವಸಡು ಕಾಣುವುದಿಲ್ಲವೆಂದು ಕನ್ನಡಿ ಮುಂದೆ ಅಭ್ಯಾಸವನ್ನೂ ಮಾಡಿದಳು. ಹೆಣ್ಣು ನೋಡಲು ಬರುವವರಿದ್ದರು. ಅಷ್ಟರೊಳಗೆ ಸರಿಹೋಗಲೆಂದು, ನಾನು ಬೇಡವೆಂದರೂ ಕೇಳದೆ, ತಮ್ಮ ಸೂಜಿಗೆ ತುಟಿ ಒಡ್ಡಿ ಬಂದಳು.

ಫಲ ಅಮೋಘ. ಮೇಲ್ದುಟಿ ಬೀಗ ಹಾಕಿದ ಶಟರಿನಂತೆ ಇಳಿದು ನಿಂತಿತು. ಕೆಂಗೇರಿಯಿಂದ ಬಂದ ಭೈರೇಶ್ ಎಂಬ ಹುಡುಗ ಕೇಸರಿಬಾತು ತಿನ್ನುತ್ತಾ ಏನೇನೋ ತಮಾಷೆ ಹೇಳಿದ. ಇವಳು ಒಳಗೊಳಗೇ ಮನಸಾರೆ ನಕ್ಕಳು, ಆ ಸುದ್ದಿ ಮುಖಕ್ಕೆ ಮುಟ್ಟಲಿಲ್ಲ. ಕೊನೆಗೆ ಹುಡುಗನ ತಾಯಿ ನನ್ನನ್ನು ಅಡುಗೆಮನೆಗೆ ಕರೆದು, "ನೋಡಿ ವಿಮಲಮ್ಮ, ಮಗೂಗೆ ಇಷ್ಟ ಇಲ್ದಿದ್ರೆ ಬಲವಂತ ಮಾಡ್ಬೇಡಿ. ನಮ್ಮನ್ನ ನೋಡಿ ಅವ್ಳ ಮುಖಾನೇ ಅರಳಲಿಲ್ಲ" ಎಂದು ಬುದ್ಧಿ ಹೇಳಿ ಎದ್ದು ಹೋದರು. ಅವಳಿಗೆ ಹುಡುಗ ತುಂಬಾ ಇಷ್ಟವಾಗಿದ್ದ, ಸ್ವಾಮಿ. ಅದನ್ನು ತಿಳಿಸಬೇಕಾಗಿದ್ದ ಸ್ನಾಯುವನ್ನು ತಾವು ಮಲಗಿಸಿದ್ದಿರಿ. ಇಂಜೆಕ್ಷನ್ ವಿಷಯ ಹೇಳಿಬಿಡೋಣವೆಂದರೆ ಇವಳಿಗೆ ನಾಚಿಕೆ. ಇದನ್ನೆಲ್ಲ ತಮಗೆ ಫೋನಿನಲ್ಲಿ ತೋಡಿಕೊಂಡರೆ, "ಹಾಗಾದ್ರೆ ಪರ್ಮನೆಂಟ್ ಮಾಡಿಸ್ಬಿಡಿ ಮೇಡಂ, ತುಟಿ ಒಳಗಡೆ ಒಂದು ಚಿಕ್ಕ ಸರ್ಜರಿ ಅಷ್ಟೇ" ಎಂದಿರಿ. ಅವಳು ಈಗ ಅದಕ್ಕೂ ಅರ್ಧ ಮನಸ್ಸು ಮಾಡಿ ಕೂತಿದ್ದಾಳೆ.

ಅವಳಿಗೆ ನೋವಿರಲಿಲ್ಲ, ಊಟಕ್ಕೆ ತೊಂದರೆಯಿರಲಿಲ್ಲ, ತಮ್ಮನ್ನು ಅವಳು ಕೇಳಿಯೂ ಇರಲಿಲ್ಲ. ಬೇಕೆಂದು ಬಂದವರಿಗೆ ಮಾಡಿಕೊಡುವುದು ಬೇರೆ, ನಗುತ್ತಾ ನಿಂತವಳಿಗೆ ನಾಚಿಕೆ ಹತ್ತಿಸಿ ಆಮೇಲೆ ಮದ್ದು ಮಾರುವುದು ಬೇರೆ.

ಇಷ್ಟಾದರೂ ತಮ್ಮ ಸೇವೆ ಒಂದೇ ತುಟಿಗೆ ಮುಗಿಯಬಾರದೆಂದು ನನ್ನ ವಿನಂತಿ. ಅದೇ ಸ್ನಾಯು ನನ್ನಲ್ಲೂ ಇದೆ, ಗೋಡೆಯ ಮೇಲೆ ಫೋಟೋದಲ್ಲಿ ನಗುತ್ತಿರುವ ನನ್ನ ತಾಯಿ ಲಿಂಗಮ್ಮನವರಲ್ಲೂ ಇದೆ. ಹಾರ ಸರಿಸಿ ಕೊಡುತ್ತೇನೆ, ಅವರಿಗೂ ಒಂದು ಸೂಜಿ ಹಾಕಿ. ಈ ಬಡಾವಣೆಯ ಹಲ್ಲು ಬರದ ಕೂಸುಗಳೆಲ್ಲ ಬರೀ ವಸಡಿನಲ್ಲೇ ನಗುತ್ತಿವೆ. ಪೋಲಿಯೋ ಹನಿಯ ಜೊತೆಗೇ ಅವಕ್ಕೂ ಏರ್ಪಾಡಾಗಲಿ. ಬೇರೆಯವರು ನಗುವಾಗ ವಸಡು ಅಳೆಯುವ ಕಣ್ಣಿಗೆ ಯಾವ ಸ್ನಾಯು ಕಾರಣ, ಅದನ್ನು ಮಲಗಿಸಲು ಎಷ್ಟು ಇಂಜೆಕ್ಷನ್ ಬೇಕು ಎಂಬುದನ್ನೂ ತಿಳಿಸಬೇಕಾಗಿ ಕೋರುತ್ತೇನೆ.

ತುಟಿ ಬಿಗಿಹಿಡಿದ ಗೌರವದೊಂದಿಗೆ,
ತಮ್ಮ ವಿಶ್ವಾಸಿ,
ವಿಮಲಮ್ಮ

ವಿ.ಸೂ.: ಸಹಿ ಹಾಕಿ ವಾರದ ಮೇಲೆ ಇದನ್ನು ಸೇರಿಸುತ್ತಿದ್ದೇನೆ. ಇಂಜೆಕ್ಷನ್ನಿನ ಬಲ ಕೆಲವು ತಿಂಗಳಲ್ಲಿ ಇಳಿಯುತ್ತದೆಂದು ತಾವು ಹೇಳಿದ್ದು ನಿಜವಾಯಿತು. ತಾವು ಹೇಳಿದ್ದರಲ್ಲಿ ನನಗೆ ಹಿಡಿಸಿದ್ದು ಅದೊಂದೇ. ಇವತ್ತು ಬೆಳಿಗ್ಗೆ ಸೊಪ್ಪಿನವಳ ಹತ್ತಿರ ಚೌಕಾಸಿಯಲ್ಲಿ ನಾನು ಸೋತು ಬಂದದ್ದಕ್ಕೆ ಸ್ಪಂದನ ಗೇಟಿನಲ್ಲಿ ನಿಂತು ನಕ್ಕಳು, ವಸಡು ಪೂರ್ತಿ ಕಂಡಿತು, ಕೈ ಅಡ್ಡ ಬರಲಿಲ್ಲ. ಸರ್ಜರಿಗೆ ದಿನ ಕೇಳಲು ತಮ್ಮ ಕ್ಲಿನಿಕ್ಕಿನಿಂದ ಫೋನ್ ಬಂದಾಗ, "ಕಾಯಿಲೆ ವಾಪಸ್ ಬಂದಿದೆ ಮೇಡಂ, ಇನ್ಮೇಲೆ ಫೋನ್ ಮಾಡ್ಬೇಡಿ" ಎಂದು ಅವಳೇ ಹೇಳಿದಳು. ಹುಡುಗನಿಗೆ ಇನ್ನೂ ಎಲ್ಲೂ ಹೆಣ್ಣು ಗೊತ್ತಾಗಿಲ್ಲವಂತೆ. ಡಬ್ಬಿಯಲ್ಲಿ ಒಬ್ಬಟ್ಟು ತುಂಬಿಕೊಂಡು ನಾವಿಬ್ಬರೂ ಈಗ ಕೆಂಗೇರಿಗೆ ಹೊರಟಿದ್ದೇವೆ. ಮಾತಾಡುವುದು ನಾನಲ್ಲ, ಅವಳ ಮುಖ.