ನಮ್ಮ ಮನೆ ಮುಂದಿನ ಹಾಸುಗಲ್ಲು

ಮಳೆ ಹಿಡಿಯಿತೆಂದರೆ ನಮ್ಮ ಮನೆ ಮುಂದೆ ವಾರಕ್ಕೊಬ್ಬರಾದರೂ ಜಾರಿ ಬೀಳುತ್ತಿದ್ದರು. ಯಾರೂ ಬೀಳದ ವಾರ ನಾನೇ ಬಿದ್ದು ಆ ಕೊರತೆ ತುಂಬುತ್ತಿದ್ದೆ.

ಎಲ್ಲ ನನ್ನ ಒಣಜಂಭದ ಫಲ. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಕೊಪ್ಪದಲ್ಲಿ ನಾನು ಹೈಸ್ಕೂಲು ಮೇಷ್ಟ್ರು. ನನ್ನ ಹತ್ತಿರ ಒಂದು ಸೈಕಲ್ಲೂ ಇರಲಿಲ್ಲ. ಆದರೂ ಮುಂದೆ ಕಾರು ಬಂದರೆ ಇರಲಿ ಅಂತ ಗೇಟಿನಿಂದ ಜಗಲಿಯವರೆಗೆ, ಆ ಇಳಿಜಾರಿನ ಉದ್ದಕ್ಕೂ, ಚಪ್ಪಡಿ ಕಲ್ಲು ಹಾಸಿಸಿದ್ದೆ. ಕಾರು ಬರಲಿಲ್ಲ, ಪಾಚಿ ಬಂತು.

ಆ ವರ್ಷ ಹೆಂಡತಿ ಬಸುರಿ. ಹಿಂದೆ ಎರಡು ಸಲ ಗರ್ಭ ನಿಂತಿರಲಿಲ್ಲ. ತವರಲ್ಲಿ ನೋಡಿಕೊಳ್ಳುವವರು ಯಾರೂ ಇಲ್ಲದ್ದರಿಂದ ಹೆರಿಗೆಯೂ ಕೊಪ್ಪದಲ್ಲೇ, ಅದೂ ಆಗಸ್ಟಿನ ಮಳೆಯಲ್ಲಿ. ಅವಳು ಆ ಕಲ್ಲಿನ ಮೇಲೆ ಕಾಲಿಡುವುದನ್ನು ನೆನೆದರೇ ನನಗೆ ಎದೆ ಧಸಕ್ಕೆನ್ನುತ್ತಿತ್ತು.

೧. ತೆಂಗಿನ ಸಿಪ್ಪೆ

ಒಂದು ಭಾನುವಾರ ಪಂಚೆ ಎತ್ತಿ ಕಟ್ಟಿ, ಬ್ಲೀಚಿಂಗ್ ಪೌಡರ್ ಚೆಲ್ಲಿ, ತೆಂಗಿನ ಸಿಪ್ಪೆಯಲ್ಲಿ ಉಜ್ಜುತ್ತಾ ಕೂತೆ. ರಸ್ತೆಯಲ್ಲಿ ನನ್ನ ಹತ್ತನೇ ಕ್ಲಾಸಿನ ಹುಡುಗಿಯರು ಹೋಗುತ್ತಿದ್ದರು. "ನಮಸ್ಕಾರ ಸಾರ್" ಅಂದರು. ಮೇಷ್ಟ್ರು ಕುಕ್ಕರುಗಾಲಲ್ಲಿ ಕೂತು ಉತ್ತರ ಕೊಟ್ಟರೆ ಮರ್ಯಾದೆಯೇ? ಎದ್ದು ಕೈ ಮುಗಿದೆ. ಕಾಲು ಹಿಂದಕ್ಕೆ ಹೋಯಿತು, ನಾನು ಮುಂದಕ್ಕೆ ಬೋರಲು ಬಿದ್ದೆ.

ಜಗಲಿಯಿಂದ ಹೆಂಡತಿ ಕೂಗಿದಳು: "ಹೋಯ್, ಮಕ್ಕಳಿಗೆ ಕೈ ಮುಗಿದ್ರೆ ಸಾಕು, ಸಾಷ್ಟಾಂಗ ಬ್ಯಾಡ!"

೨. ಕೊಳೆ ಔಷಧಿ

ಅಡಿಕೆ ಮರ ಹತ್ತಿ ಕೊಳೆರೋಗಕ್ಕೆ ಔಷಧಿ ಹೊಡೆಯುವವನೊಬ್ಬ ನನ್ನ ಅವಸ್ಥೆ ನೋಡಿದ. "ಎಂತ ಮಾಷ್ಟ್ರೇ, ಅಡಿಕೆ ಕೊಳೆಯೇ ನನ್ನ ಮಾತು ಕೇಳ್ತದೆ, ಈ ಪಾಚಿ ಎಂತ ಲೆಕ್ಕ?" ಅಂದ.

ಮಾರನೇ ದಿನ ಮೈಲುತುತ್ತ, ಸುಣ್ಣ ಕಲಸಿ, ಪಂಪಿನಲ್ಲಿ ಮೇಲಿಂದ ಕೆಳಗೆ ಹೊಡೆದೇ ಹೊಡೆದ. ಅಂಗಳವೆಲ್ಲ ತಿಳಿನೀಲಿ. ನನಗೂ ಖುಷಿ. ಮಳೆ ಶುರುವಾಯಿತು. ಕಲ್ಲು ಮೊದಲಿಗಿಂತ ನುಣ್ಣಗೆ ಹೊಳೆಯುತ್ತಿತ್ತು.

"ಇದಕ್ಕೆ ಬೇರೆ ಎಂತ ಹಾಕಿದೆ ಮಾರಾಯ?"

"ರಾಳ ಕಾಯಿಸಿ ಸೇರಿಸಿದೆ. ಇಲ್ದಿದ್ರೆ ಮಳೆಗೆ ತೊಳೆದು ಹೋಗ್ತದಲ್ಲ! ಮರಕ್ಕೂ ಹಾಗೇ ಮಾಡೋದು."

ಹಾಗೆ ಹೇಳುತ್ತಲೇ ಒಂದು ಹೆಜ್ಜೆ ಇಟ್ಟ. ಪಂಪಿನ ಸಮೇತ ಗೇಟಿನವರೆಗೆ ಕೂತುಕೊಂಡೇ ಹೋದ. ಅಲ್ಲಿಂದ ಆಚೀಚೆ ನೋಡಿ, ಸಣ್ಣ ದನಿಯಲ್ಲಿ ಅಂದ: "ಮಾಷ್ಟ್ರೇ, ಅರವತ್ತು ಅಡಿ ಮರದಿಂದ ಒಂದಿನವೂ ಬಿದ್ದವನಲ್ಲ. ನೆಲದ ಮೇಲೆ ಬಿದ್ದೆ ಅಂತ ಯಾರಿಗೂ ಹೇಳಬೇಡಿ."

೩. ಜೀಪು

ರಾಳ ಕೆರೆದು ತೆಗೆಯುವಷ್ಟರಲ್ಲಿ ಜುಲೈ ಮುಗಿಯಿತು, ಪಾಚಿ ಮತ್ತೆ ಬಂತು. ನನಗೆ ನಿದ್ದೆ ಇಲ್ಲ. ಆಸ್ಪತ್ರೆಗೆ ಹೋಗಲು ಒಂದು ಜೀಪು ಗೊತ್ತು ಮಾಡಿ, ಜಗಲಿಯವರೆಗೆ ಹತ್ತುತ್ತದೋ ನೋಡೋಣ ಅಂತ ಡ್ರೈವರನ್ನು ಕರೆಸಿದೆ. ಜೀಪು ಅರ್ಧ ಹತ್ತಿತು, ಗುರ್ರೆಂದಿತು, ಹಾಗೇ ಹಿಂದೆ ಜಾರಿ ಗೇಟಿನ ಕಂಬಕ್ಕೆ ಒರಗಿ ನಿಂತಿತು.

ಡ್ರೈವರ್ ಇಳಿದು ಬೆವರು ಒರೆಸಿಕೊಂಡ. "ಸಾರ್, ಇದೇ ಜೀಪಲ್ಲಿ ಕಿಗ್ಗದಿಂದ ಸಿರಿಮನೆಗೆ ಕೆಸರಲ್ಲಿ ಹೋಗಿ ಬಂದಿದೀನಿ. ನಿಮ್ಮನೆ ಜಗಲಿಗೆ ಮಾತ್ರ ಆಗಲ್ಲ!"

೪. ಆ ದಿನ

ಬೆಳಿಗ್ಗೆ ತಿಂಡಿ ಹೊತ್ತಿಗೆ ನೋವು ಶುರುವಾಯಿತು. ಹೊರಗೆ ಧೋ ಅಂತ ಮಳೆ. ಜೀಪು ಬಂದು ರಸ್ತೆಯಲ್ಲೇ ನಿಂತಿತು. ಪಕ್ಕದ ಮನೆಯ ಸಾಹೇಬರು, ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟವರು, ಓಡಿ ಬಂದರು. ಅವರ ಹೆಂಡತಿ ಒಳಗೆ ನನ್ನವಳ ಹತ್ತಿರ ಹೋದರು.

ನಾವು ಮೂವರು ಗಂಡಸರು ಅಂಗಳಕ್ಕಿಳಿದೆವು. ನಾನು ಗೋಣಿಚೀಲ ಹಾಸಿದೆ. "ಮೊದಲು ಬೂದಿ ಹಾಕಿ ಮಾರಾಯ್ರೆ" ಅಂತ ಸಾಹೇಬರು. "ಅಡಿಕೆ ಮರ ಸೀಳಿದ ದಬ್ಬೆ ಹಾಸಿದ್ರೇ ಕಾಲು ನಿಲ್ಲೋದು" ಅಂತ ಡ್ರೈವರ್. ಗೋಣಿ ತೆಗೆದು ಬೂದಿ, ಬೂದಿಯ ಮೇಲೆ ದಬ್ಬೆ, ದಬ್ಬೆಯ ಮೇಲೆ ಮತ್ತೆ ಗೋಣಿ. ಈ ಸಲವೂ ಏನಾದರೂ ಆದರೆ ಅಂತ ಹಾಸಿದ್ದನ್ನೇ ಮತ್ತೆ ಮತ್ತೆ ಕೈಯಿಂದ ಒತ್ತಿ ನೋಡಿದೆ. "ಇನ್ನೊಂದೇ ನಿಮಿಷ ತಡಿಯೇ! ಹೊರಗೆ ಕಾಲಿಡಬೇಡ!" ಅಂತ ಬಾಗಿಲ ಕಡೆ ಕೂಗುತ್ತಲೇ ಇದ್ದೆ.

ರಸ್ತೆಯಲ್ಲಿ ಜೀಪಿನ ಹಾರ್ನು ಕೂಗಿತು. ಡ್ರೈವರ್ ನಮ್ಮ ಜೊತೆಗೇ ಇದ್ದನಲ್ಲ! ಮೂವರೂ ತಿರುಗಿ ನೋಡಿದೆವು. ಜೀಪಿನೊಳಗೆ ನನ್ನ ಹೆಂಡತಿ, ಪಕ್ಕದಲ್ಲಿ ಸಾಹೇಬರ ಹೆಂಡತಿ.

"ಹೆರಿಗೆ ನಂಗೋ, ಅಂಗಳಕ್ಕೋ?" ಅಂತ ನನ್ನವಳು ಹಲ್ಲು ಕಚ್ಚಿಕೊಂಡೇ ಕೇಳಿದಳು.

"ನೀ ಹೇಗೆ ಬಂದ್ಯೇ?"

"ಹಿತ್ತಲಿಂದ, ಇವರ ಮನೆ ಅಂಗಳ ಹಾದು. ಎರಡು ತಿಂಗಳಿಂದ ಹಾಗೇ ಓಡಾಡ್ತಿದ್ದೀನಿ. ನೀವು ಕಲ್ಲು ಬಿಟ್ಟು ನನ್ನ ಕಡೆ ನೋಡಿದ್ರೆ ತಾನೆ!"

ನಾನು ಓಡಿದೆ. ಓಡಬಾರದಿತ್ತು. ಗೋಣಿ, ಬೂದಿ, ದಬ್ಬೆ ಎಲ್ಲದರ ಜೊತೆಗೆ ಗೇಟಿಗೆ ಬಂದು ಮುಟ್ಟಿದೆ.

ಮಧ್ಯಾಹ್ನದ ಹೊತ್ತಿಗೆ ಮಗಳು ಹುಟ್ಟಿದಳು. ಬಟ್ಟೆಯಲ್ಲಿ ಸುತ್ತಿದ ಆ ಕೂಸನ್ನು ನೋಡಿ ನಾನು ಎಲ್ಲರೆದುರೇ ಗಳಗಳ ಅತ್ತುಬಿಟ್ಟೆ. ಎತ್ತಿಕೊಳ್ಳಲು ಎರಡೂ ಕೈ ಚಾಚಿದೆ. ಹೆಂಡತಿ ಕೂಸನ್ನು ಎದೆಗೆ ಅವುಚಿಕೊಂಡು, ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಕೊಡ್ತೀನಿ, ಮೊದಲು ಹೋಗಿ ಆ ಕಾಲಿನ ಪಾಚಿ ತೊಳ್ಕೊಂಡು ಬನ್ನಿ" ಅಂದಳು.