ಒರಳುಕಲ್ಲಿನಲ್ಲಿ ನಿಲ್ಲಲೊಪ್ಪದ ಸರ್ವೆ ಮರದವರಿಗೆ

ಅರಸೀಕೆರೆ,
ಮಾರ್ಚ್ ಮೊದಲ ವಾರ

ಇವರಿಗೆ:
ಶ್ರೀ ಸರ್ವೆ ಮರದವರು,
ನಿವೃತ್ತ ಕ್ರಿಸ್ಮಸ್ ಮರ,
ಸುವರ್ಣಮ್ಮನವರ ಹಿತ್ತಲು.

ವಿಷಯ: ಕಳೆದ ಡಿಸೆಂಬರಿನಲ್ಲಿ ತಾವು ನೆಟ್ಟಗೆ ನಿಲ್ಲದಿದ್ದುದರ ಬಗ್ಗೆ.

ಮಾನ್ಯರೇ,

ಎತ್ತರದಲ್ಲಿ ನನಗಿಂತ ಒಂದು ಮೊಳ ಹೆಚ್ಚಿನವರೂ, ವಿನಯದಲ್ಲಿ ಯಾವ ದಿಕ್ಕಿಗಾದರೂ ಬಾಗಬಲ್ಲವರೂ ಆದ ತಮ್ಮ ಸನ್ನಿಧಿಗೆ, ಸರ್ಕಾರಿ ಕಚೇರಿಯೊಂದರ ಟಪಾಲು ವಿಭಾಗದಲ್ಲಿ ಇಪ್ಪತ್ತಾರು ವರ್ಷ ಸವೆಸಿದ ಭೀಮರಾಜ್ ಎಂಬ ನಾನು ಕೈಮುಗಿದು ಬರೆದುಕೊಳ್ಳುವ ಅಹವಾಲು. ದೂರು ಡಿಸೆಂಬರಿನದು, ಪತ್ರ ಮಾರ್ಚಿನದು. ನಮ್ಮ ವಿಭಾಗದ ನಡಿಗೆಗೆ ಇದು ಓಟವೆಂದೇ ತಾವು ತಿಳಿಯಬೇಕು.

ತಮ್ಮನ್ನು ನಾನು ಕರೆತಂದದ್ದು ನನ್ನ ಮನೆಗಲ್ಲ. ನಮ್ಮದು ಬುದ್ಧನ ಮೂರ್ತಿ ಇಟ್ಟುಕೊಂಡ ಮನೆ. ಪಕ್ಕದ್ದು ನಿವೃತ್ತ ನರ್ಸ್ ಸುವರ್ಣಮ್ಮನವರದು, ಪ್ರತಿ ವರ್ಷ ಕ್ರಿಸ್ಮಸ್ ಮರ ನಿಲ್ಲುವ ಮನೆ. ನನ್ನ ತಾಯಿ ದ್ಯಾವಮ್ಮ ಹಾಸಿಗೆ ಹಿಡಿದ ಹದಿನಾಲ್ಕು ತಿಂಗಳು, ಮಗನಾದ ನಾನು ಮಾಡಲು ಹಿಂಜರಿದ ಕೆಲಸಗಳನ್ನೂ ಬೇಸರಿಸದೆ ಮಾಡಿದವರು ಅವರು. ಅಂಥವರು ನವೆಂಬರಿನಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು, ಸೊಂಟದ ಮೂಳೆ ಮುರಿದುಕೊಂಡು ಹಾಸನದ ಆಸ್ಪತ್ರೆ ಸೇರಿದರು. ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ನಲವತ್ತು ವರ್ಷ ಊರವರನ್ನೆಲ್ಲ ಗದರಿಸಿ ಎಬ್ಬಿಸಿ ನಡೆಸಿದ ಆ ಹೆಂಗಸು, ಎದುರಿಗೆ ವಾಕರ್ ತಂದಿಟ್ಟರೆ ಗೋಡೆಯ ಕಡೆ ತಿರುಗಿ ಮಲಗಿಬಿಡುತ್ತಿದ್ದರು. ಈಗ ನಿಲ್ಲದಿದ್ದರೆ ಮುಂದೆ ನಿಲ್ಲುವುದು ಕಷ್ಟ ಎಂದು ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಾಗ ನನಗೆ ನಿಜವಾಗಿಯೂ ಭಯವಾಯಿತು.

ಅವರ ಮನಸ್ಸು ತಿರುಗಿಸಲೆಂದು, ಈ ಸಲದ ಮರ ನಾನೇ ನಿಲ್ಲಿಸುತ್ತೇನೆಂದು ಬಾಯಿ ಬಿಟ್ಟೆ. ಅವರು ಬಹಳ ದಿನಗಳ ಮೇಲೆ ನಕ್ಕು, “ಆಗ್ಲಿ ಭೀಮ, ಅದು ನೆಟ್ಟಗೆ ನಿಂತ್ರೆ ನಾನೂ ನಿಲ್ತೀನಿ ಕಣೋ. ಹಗ್ಗ ಕಟ್ಟಿ ನಿಲ್ಲಿಸಿದ್ರೆ ಲೆಕ್ಕಕ್ಕಿಲ್ಲ” ಅಂದರು. ಒಬ್ಬ ಹಿರಿಯ ಹೆಂಗಸಿನ ಕಾಲು ತಮ್ಮ ಕಾಂಡಕ್ಕೆ ಗಂಟುಬಿದ್ದದ್ದು ಹೀಗೆ.

ಗೆಂಡೆಹಳ್ಳಿಯ ರೈತ ಲಕ್ಕಪ್ಪನವರ ಹೊಲದ ಬದುವಿನಿಂದ ತಮ್ಮನ್ನು ಕಡಿಸಿ, ಲಗೇಜ್ ಆಟೋದಲ್ಲಿ ಮಲಗಿಸಿ ತರುವಾಗ, ತಮ್ಮ ಶಿಕ್ಷಣದಲ್ಲಿ ನಾನು ಯಾವ ಕೊರತೆಯನ್ನೂ ಮಾಡಲಿಲ್ಲ. ಬೇಲೂರು ದಾಟುವಾಗ, ಅಲ್ಲಿನ ಗುಡಿಯ ಅಂಗಳದಲ್ಲಿ ತನ್ನ ಭಾರದಿಂದಲೇ ನಿಂತಿರುವ ಕಂಬದ ವಿಚಾರವನ್ನು ತಮಗೆ ವಿವರವಾಗಿ ತಿಳಿಸಿದೆ. ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯಲ್ಲಿ ಆಟೋ ನಿಲ್ಲಿಸಿ, ಶತಮಾನಗಳಿಂದ ನಿಂತೇ ಇದ್ದು ಒಮ್ಮೆಯೂ ಕೂರಬೇಕೆನ್ನದ ಪಾರ್ಶ್ವನಾಥನ ಬಸದಿಯ ಕಡೆಗೆ ತಮ್ಮ ತುದಿಯನ್ನು ತಿರುಗಿಸಿದೆ. ಆಟೋದವನು ನನ್ನನ್ನು ನೋಡಿದ ರೀತಿಯನ್ನು ಇಲ್ಲಿ ಬರೆಯುವುದು ಬೇಡ.

ಇಷ್ಟೆಲ್ಲ ಕಂಡು ಕೇಳಿದ ತಾವು, ಸುವರ್ಣಮ್ಮನವರ ನಡುಮನೆಯಲ್ಲಿ ಮಾಡಿದ್ದೇನು? ನಮ್ಮ ಮನೆಯ ಹಳೆಯ ಒರಳುಕಲ್ಲನ್ನು ನಾಲ್ಕು ಜನ ಹೊತ್ತು ತಂದು, ಅದರ ಗುಂಡಿಯಲ್ಲಿ ತಮ್ಮನ್ನು ಪ್ರತಿಷ್ಠಾಪಿಸಿ, ಸುತ್ತ ತೆಂಗಿನಕಾಯಿಯ ಸಿಪ್ಪೆ ಜಡಿದೆವು. ತಾವು ಮೊದಲ ದಿನ ಟಿ.ವಿ.ಯ ಮೇಲೆ ಒರಗಿದಿರಿ. ಎರಡನೆಯ ದಿನ ಮಂಚದ ಮೇಲೆ ಮಲಗಿದಿರಿ. ಮೂರನೆಯ ದಿನ ಏಸುಬಾಲನ ಗೊಂಬೆ ಮಲಗಿಸಿದ್ದ ಗೋದಲಿಯ ಮೇಲೆಯೇ ಸಾಷ್ಟಾಂಗ ಬಿದ್ದು ಮಣ್ಣಿನ ಎರಡು ಕುರಿಗಳ ಕಾಲು ಮುರಿದಿರಿ. ಕೊನೆಗೆ ತಮ್ಮನ್ನು ಕಿಟಕಿಯ ಸರಳಿಗೆ ತೆಂಗಿನ ನಾರಿನ ಹಗ್ಗದಿಂದ ಕಟ್ಟಬೇಕಾಯಿತು. ನನ್ನ ಹೆಂಡತಿ ಮಂಜುಳಾ ಅದನ್ನು ನೋಡಿ, ಹಬ್ಬಕ್ಕೆ ಮರ ತಂದಿದ್ದೀರೋ ಹೋರಿ ತಂದಿದ್ದೀರೋ ಎಂದು ಕೇಳಿದಳು.

ತಮ್ಮ ಮಿತಾಹಾರವನ್ನಂತೂ ಎಷ್ಟು ಹೊಗಳಿದರೂ ಸಾಲದು. ಸಿಪ್ಪೆ ಹೀರಿದ್ದು ಬಿಟ್ಟರೆ, ಒರಳಿಗೆ ತುಂಬಿದ ನೀರು ಐದು ದಿನ ಇದ್ದಷ್ಟೇ ಇತ್ತು. ಇಂಥ ಸಂಯಮಿ ಮರ ತಾಲ್ಲೂಕಿನಲ್ಲೇ ಇಲ್ಲವೆಂದು ನಾನು ಫೋನಿನಲ್ಲಿ ಸುವರ್ಣಮ್ಮನವರಿಗೆ ಕೊಚ್ಚಿಕೊಂಡೆ. ಸೂಜಿಯಂಥ ಎಲೆಗಳು ಮಾತ್ರ ಕಂದು ತಿರುಗಿ, ಗುಡಿಸಿದಷ್ಟೂ ಉದುರುತ್ತಿವೆ ಎಂದೂ ಸೇರಿಸಿದೆ. ಆ ಕಡೆಯಿಂದ ಅವರ ಹಳೆಯ ವಾರ್ಡಿನ ದನಿ ಬಂತು: “ನೀರು ಇಳೀದೆ ಇದ್ರೆ ರೋಗಿ ಕುಡೀತಿಲ್ಲ ಅಂತ ಅರ್ಥ. ಮೊದ್ಲು ಬುಡ ನೋಡೋ.”

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ ಇದೆ. ನನ್ನ ತಾಯಿ ನುಗ್ಗೆಯ ಕೊಂಬೆ ನೆಡುವಾಗ, ಒಣಗದಿರಲೆಂದು, ಕಡಿದ ತುದಿಗೆ ಸಗಣಿ ಮೆತ್ತುತ್ತಿದ್ದರು. ಆ ನೆನಪಿನಿಂದ, ತಮ್ಮ ಕಡಿದ ಕಡೆಗೆ ನಾನೂ ಬೊಗಸೆ ತುಂಬ ಸಗಣಿ ಮೆತ್ತಿ, ಎರಡು ದಿನ ಬಿಸಿಲಿಗಿಟ್ಟು ಗಟ್ಟಿ ಮಾಡಿಯೇ ಒರಳಿಗಿಳಿಸಿದ್ದೆ. ಅಮ್ಮ ಮೆತ್ತುತ್ತಿದ್ದದ್ದು ಆಕಾಶ ನೋಡುವ ತುದಿಗೆ, ನೆಲಕ್ಕಿಳಿಯುವ ಬುಡಕ್ಕಲ್ಲ ಎಂಬುದು ನನಗೆ ಹೊಳೆದದ್ದು, ತಮ್ಮನ್ನು ಮತ್ತೆ ಮಲಗಿಸಿ ಬುಡ ನೋಡಿದಾಗ. ಐದು ದಿನ ತಮ್ಮ ಬಾಯಿಗೆ ಬೆರಣಿ ತಟ್ಟಿ, ಮೇಲಿಂದ ಕುಡಿಯಿರಿ ಕುಡಿಯಿರಿ ಎಂದು ಉಪಚಾರ ಮಾಡಿದ್ದೆ. ಗರಗಸದಿಂದ ನಾಲ್ಕು ಬೆರಳು ಬುಡ ಕೊಯ್ದು ಮತ್ತೆ ನೀರಿಗಿಟ್ಟ ಮೇಲೆ, ಮಾರನೆಯ ದಿನದೊಳಗೆ ಮೂರು ಚೊಂಬು ಹೀರಿದಿರಿ. ಉಳಿದ ಹಸಿರು ಹಾಗೇ ಉಳಿಯಿತು. ಸುವರ್ಣಮ್ಮನವರು ಅಂದಿನಿಂದ ದಿನಕ್ಕೆರಡು ಸಲ ಸ್ವತಃ ಫೋನ್ ಮಾಡಿ, ಎಷ್ಟು ಕುಡಿಯಿತೆಂದು ವಿಚಾರಿಸತೊಡಗಿದರು. ಆದರೆ ವಾಕರನ್ನು ಮುಟ್ಟಲಿಲ್ಲ.

ಕ್ರಿಸ್ಮಸ್ ಹಿಂದಿನ ದಿನ ಮಧ್ಯಾಹ್ನ ಮಂಜುಳಾ ಅವರನ್ನು ಮನೆಗೆ ಕರೆತಂದಳು. ಬಾಗಿಲಲ್ಲಿ ಕಾರಿನ ಸದ್ದಾದೊಡನೆ, ಮಾತಿಗೆ ತಪ್ಪಬಾರದೆಂದು ನಾನು ತಮ್ಮ ಹಗ್ಗ ಬಿಚ್ಚಿ, ಕೈಮುಗಿದು, ಮೂರು ಬೇಡಿಕೆ ಸಲ್ಲಿಸಿದ್ದು ತಮಗೆ ನೆನಪಿರಬಹುದು: ಒಂದು ಗಂಟೆ ಮಾತ್ರ ನಿಲ್ಲತಕ್ಕದ್ದು, ಬೀಳಲೇಬೇಕಾದರೆ ಒಂದು ದಿನ ಮುಂಚಿತವಾಗಿ ಲಿಖಿತ ಸೂಚನೆ ಕೊಡತಕ್ಕದ್ದು, ಅದೂ ಆಗದಿದ್ದರೆ ನನ್ನ ಮೇಲೇ ಬೀಳತಕ್ಕದ್ದು. ಗಾಲಿಕುರ್ಚಿಯಲ್ಲಿ ಕುಳಿತು ಒಳಗೆ ಬಂದ ಸುವರ್ಣಮ್ಮನವರು ತಮ್ಮನ್ನು ಬುಡದಿಂದ ತುದಿಯವರೆಗೆ ನೋಡಿದರು. ಚೆನ್ನಾಗಿದೆ ಎಂದರು. ಮಂಜುಳಾ ವಾಕರ್ ತಂದು ಮುಂದಿಟ್ಟಳು. ಅವರು ಅದನ್ನು ಬದಿಗೆ ತಳ್ಳಿದರು. ನಾಳೆ ನೋಡೋಣ ಎಂದು ಅವರು ಮೆಲ್ಲಗೆ ಹೇಳಿದಾಗ, ಈ ನಾಳೆ ಬರುವುದಿಲ್ಲವೆಂದು ನನಗೆ ಗೊತ್ತಾಯಿತು.

ತಾವು ಆಗ ವಾಲಿದಿರಿ. ನಿಧಾನವಾಗಿ, ಗೋದಲಿಯ ಕಡೆಗೆ.

“ಹಿಡ್ಕೊಳೋ ಭೀಮ, ಮಗೀನ ಮೇಲೆ ಬೀಳ್ತೈತೆ” ಅಂದವರು ನಾನು ತಿರುಗುವಷ್ಟರಲ್ಲಿ ಎದ್ದು ನಿಂತಿದ್ದರು. ಒಂದು ಕೈ ವಾಕರಿನ ಮೇಲೆ, ಇನ್ನೊಂದು ತಮ್ಮ ಕಾಂಡದ ಮೇಲೆ. ಮಂಜುಳಾ ಬೆನ್ನಿಗೆ ಕೈ ಕೊಟ್ಟಳು. ಹಗ್ಗ ತಾರೋ ಎಂದು ಅವರು ನನ್ನನ್ನು ಗದರಿಸಿದರು. ನಾನು ಅಡುಗೆಮನೆಯಲ್ಲಿ ಹುಡುಕಿದೆ, ಹಿತ್ತಲಲ್ಲಿ ಹುಡುಕಿದೆ, ಅಟ್ಟದ ಮೇಲೂ ಹುಡುಕಿದೆ. ಟಪಾಲು ವಿಭಾಗದವನು ಒಂದು ವಸ್ತುವನ್ನು ಎಷ್ಟು ಹೊತ್ತು ಹುಡುಕಬಲ್ಲನೋ ಅಷ್ಟು ಹೊತ್ತು ಹುಡುಕಿದೆ. ಅವರು ಅಷ್ಟು ಹೊತ್ತೂ ನಿಂತಿದ್ದರು. ಸುಳ್ಳಾಡಬಾರದೆಂದು ಪಂಚಶೀಲದಲ್ಲಿದೆ, ಹಗ್ಗ ಹುಡುಕಬಾರದೆಂದಿಲ್ಲ. ಅದು ನನ್ನ ಹೆಗಲ ಮೇಲೇ ಇತ್ತು.

ಹತ್ತು ದಿನ ನಿಲ್ಲಿರೆಂದು ಬೇಡಿದಾಗ ಬಿದ್ದು, ಬೀಳಬೇಕಾದ ಗಳಿಗೆಯಲ್ಲಿ ಸರಿಯಾಗಿ ಬಿದ್ದ ತಮ್ಮ ಮೇಲೆ ಯಾವ ಕ್ರಮ ಜರುಗಿಸಬೇಕೆಂದು ತಿಳಿಯದೆ, ಈ ದೂರನ್ನು ತಮ್ಮ ಬುಡಕ್ಕೇ ಸಲ್ಲಿಸುತ್ತಿದ್ದೇನೆ.

ಇನ್ನೂ ಒರಳು ವಾಪಸು ಸಿಗದ,
ತಮ್ಮ ವಿಶ್ವಾಸಿ,
ಭೀಮರಾಜ್

ತಾ.ಕ.: ತಾವೀಗ ಒಣಗಿ ಬೋಳಾಗಿ, ಹಿತ್ತಲಲ್ಲಿ ಹೀರೆಬಳ್ಳಿಗೆ ಆಸರೆಯಾಗಿ, ಹಗ್ಗವಿಲ್ಲದೆ, ಸಿಪ್ಪೆಯಿಲ್ಲದೆ, ಬಸ್ತಿಹಳ್ಳಿಯವರೂ ಮೆಚ್ಚುವಷ್ಟು ನೆಟ್ಟಗೆ ನಿಂತಿರುವುದನ್ನು ದಿನಾ ಗೋಡೆಯಾಚೆಯಿಂದ ನೋಡುತ್ತಿದ್ದೇನೆ. ಸುವರ್ಣಮ್ಮನವರು ಬೆಳಿಗ್ಗೆ ವಾಕರ್ ಬದಿಗಿಟ್ಟು, ತಮ್ಮನ್ನೇ ಹಿಡಿದುಕೊಂಡು ಹೀರೇಕಾಯಿ ಕೀಳುತ್ತಾರೆ. ದಯವಿಟ್ಟು ಈಗ ಮಾತ್ರ ಬೀಳತಕ್ಕದ್ದಲ್ಲ.