ಫೋನ್ ಹಚ್ಚಿದರೆ ಮೋಟಾರ್ ಚಾಲೂ

ಯಂತ್ರಗಳು ನಮ್ಮ ಮುಂದೆ ಒಂದು ಥರ, ಮಂದಿಯ ಮುಂದೆ ಇನ್ನೊಂದು ಥರ. ನನ್ನ ಕಸುಬಿನಲ್ಲಿ ಇದು ಆಗುತ್ತಲೇ ಇರುತ್ತದೆ, ಆದಾಗಲೆಲ್ಲ ನನ್ನ ಜೀವ ಬಾಯಿಗೆ ಬರುತ್ತದೆ. ಬೀದರಿನ ಚಿದ್ರಿಯಲ್ಲಿ ನನ್ನದೊಂದು ಸಣ್ಣ ಅಂಗಡಿ. ಮನೆಯಿಂದ ಫೋನ್ ಹಚ್ಚಿದರೆ ಹೊಲದ ಮೋಟಾರ್ ಚಾಲೂ ಆಗುವಂಥ ಡಬ್ಬಿ ಮಾಡುತ್ತೇವೆ. ಒಳಗೆ ಸಿಮ್ ಹಾಕುವ ಮೋಡೆಮ್ ಇರುತ್ತದೆ. ಅದರ ವೈರುಗಳನ್ನು ಮೋಟಾರ್ ನಡೆಸುವ ನಮ್ಮ ಬೋರ್ಡಿಗೆ ಹೊಂದಿಸುವುದು ನನ್ನ ಕೆಲಸ, ಬೆಸುಗೆ ಹಾಕುವುದು ಅಂಗಡಿಯಲ್ಲಿ ನನ್ನ ಜೊತೆಗಿರುವ ಭಾಯಿಯ ಕೆಲಸ, ಹೆದರುವುದು ನನ್ನೊಬ್ಬನ ಪಾಲು.

ಭಾಲ್ಕಿಯ ಪಂಪ್‌ಸೆಟ್ ವ್ಯಾಪಾರಿಯೊಬ್ಬರು, "ಒಂದು ಡಬ್ಬಿ ಹೊಲದಾಗ ಕೂಡಸ್ರಿ. ನಾ ಬಂದು ನೋಡ್ತೇನಿ. ನಡೀತಂದ್ರ ಆರ್ಡರ್, ಇಲ್ಲಂದ್ರ ನಮಸ್ಕಾರ" ಅಂದಿದ್ದರು. ನಮಸ್ಕಾರ ಬಿದ್ದರೆ ಅಂಗಡಿಗೆ ಬೀಗವೇ ಗತಿ.

೧. ಕರೆಂಟು ಹೋಗಲಿ ದೇವರೇ

ಮೋಡೆಮ್ಮಿಗೆ ಒಂದು ಗುಂಡಿಯ ವೈರಿದೆ. ಮೊಬೈಲಿನ ಗುಂಡಿಯಂತೆಯೇ, ಮಲಗಿದ್ದಾಗ ಒತ್ತಿದರೆ ಏಳುತ್ತದೆ, ಎದ್ದಿದ್ದಾಗ ಒತ್ತಿದರೆ ಮಲಗುತ್ತದೆ. ಕರೆಂಟ್ ಬಂದಾಗಲೆಲ್ಲ ಒತ್ತು ಎಂದು ಬೋರ್ಡಿಗೆ ಕಲಿಸಿದ್ದೆ. ಆದರೆ ಮೋಡೆಮ್ಮಿಗೆ ಬೇರೆ ಬ್ಯಾಟರಿ ಇತ್ತು, ಕರೆಂಟ್ ಹೋದರೂ ಎಚ್ಚರವಾಗೇ ಇರುತ್ತಿತ್ತು. ಒಂದು ದಿನ ಅಂಗಡಿಯಲ್ಲಿ ಕರೆಂಟ್ ಹೋಗಿ ಬಂದೊಡನೆ ಬೋರ್ಡು ಅದನ್ನು ಒತ್ತಿ ಮಲಗಿಸಿಬಿಟ್ಟಿತು.

"ಈಗೇನ್ ಮಾಡೂದ್ರಿ ಭಾಯಿ?"

"ಇನ್ನೊಮ್ಮಿ ಹೋಗಿ ಬಂದ್ರ ಏಳ್ತದ. ಕರೆಂಟ್ ಹೋಗ್ಲಿ ಅಂತ ದುವಾ ಮಾಡ್ರಿ ಸಾಬ್."

ಸ್ವಲ್ಪ ಹೊತ್ತಿಗೆ ಕರೆಂಟ್ ಹೋಯಿತು. ಓಣಿಯೆಲ್ಲ ಬೈಯುತ್ತಿದ್ದರೆ ನಮ್ಮ ಅಂಗಡಿಯೊಂದರಲ್ಲೇ ಚಪ್ಪಾಳೆ!

೨. ಭದ್ರ ಇಟ್ಟೀನ್ರಿ

ಎಚ್ಚರವಿದೆಯೋ ಇಲ್ಲವೋ ನೋಡಿಕೊಂಡೇ ಒತ್ತುವಂತೆ ಸರಿಮಾಡಿ, ಔರಾದ ಕಡೆಯ ಠಾಣಾ ಕುಶನೂರಿನ ರೈತರೊಬ್ಬರ ಹೊಲದಲ್ಲಿ ಡಬ್ಬಿ ಕೂಡಿಸಿ ಬಂದೆವು. ಮರುದಿನ ಫೋನ್ ಹಚ್ಚಿದರೆ ಹತ್ತುತ್ತಲೇ ಇಲ್ಲ. ರೈತರಿಗೆ ಫೋನ್ ಮಾಡಿದೆ.

"ಕಾಕಾ, ಡಬ್ಬಿ ಮ್ಯಾಲಿನ ದೀಪ ಹ್ಯಾಂಗ ಮಿಣುಕ್ತದ ನೋಡ್ರಿ. ಪಟಪಟ ಮಿಣುಕಿದ್ರ ಟವರ್ ಸಿಕ್ಕಿಲ್ಲಂತ."

"ತಡೀರಿ, ಕೀಲಿ ತೆಗೀಬೇಕು."

"ಯಾವ ಕೀಲಿ?"

"ಕಳ್ಳರ ಕಾಟ ಭಾಳ ಅದ್ರಿ. ಕಬ್ಬಿಣದ ಟ್ರಂಕಿನಾಗ ಇಟ್ಟು ಕೀಲಿ ಹಾಕೀನಿ. ಆ ಆ್ಯಂಟೆನಾನೂ ಒಳಗೇ ಮಡಚಿಟ್ಟೀನಿ."

"ಕಾಕಾ, ಹಂಗಿಟ್ರ ಟವರಿಗಿ ಸಿಗಂಗಿಲ್ರಿ!"

"ಯಾಕ್ರಿ, ಟವರಿನವ್ರೂ ಕದೀತಾರೇನು?"

೩. ಭಾನುವಾರದ ಪರೀಕ್ಷೆ

ವ್ಯಾಪಾರಿ ಭಾನುವಾರ ಹೊಲಕ್ಕೆ ಬಂದರು. ಹಿಂದಿನ ದಿನವಷ್ಟೇ ಡಬ್ಬಿಯನ್ನು ಟ್ರಂಕಿನಿಂದ ಹೊರಗೆ ತೆಗೆಸಿ, ಅಲ್ಲಿ ಟವರ್ ಚೆನ್ನಾಗಿ ಸಿಗುವ ಕಂಪನಿಯ ಹೊಸ ಸಿಮ್ ಹಾಕಿದ್ದೆವು. ರಿಂಗ್ ಬಂದರೆ ಮೋಡೆಮ್ಮಿನ ಇನ್ನೊಂದು ವೈರು ಬೋರ್ಡಿಗೆ ಸುದ್ದಿ ಮುಟ್ಟಿಸುತ್ತದೆ: ಒಂದು ಕರೆಗೆ ಮೋಟಾರ್ ಚಾಲೂ, ಮುಂದಿನ ಕರೆಗೆ ಬಂದ್. ಫೋನ್ ಮಾಡಿದವರು ಯಾರೆಂದು ಅದು ಕೇಳುವುದಿಲ್ಲ. ನಂಬರ್ ನಮಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲವಲ್ಲ ಎಂಬ ಧೈರ್ಯ ನನ್ನದು.

ನಾನಿನ್ನೂ ಜೇಬಿನಿಂದ ಫೋನ್ ತೆಗೆದಿರಲಿಲ್ಲ. ಮೋಟಾರ್ ಚಾಲೂ ಆಯಿತು!

"ವಾ! ಯಾವಾಗ ಹಚ್ಚಿದ್ರಿ?" ಅಂದರು ವ್ಯಾಪಾರಿ.

ನಾನು ಫೋನ್ ಹೊರಗೆ ತೆಗೆಯುವಷ್ಟರಲ್ಲಿ ಬಂದ್ ಆಯಿತು. ಮತ್ತೆ ಚಾಲೂ. ಭಾಯಿ ಆಕಾಶ ನೋಡತೊಡಗಿದ. ವ್ಯಾಪಾರಿ ಹುಬ್ಬು ಗಂಟಿಕ್ಕಿ, "ಸರೀರಿ, ನಾನೇ ಹಚ್ತೇನಿ" ಎಂದು ನನ್ನಿಂದ ನಂಬರ್ ಕೇಳಿಕೊಂಡು ತಮ್ಮ ಫೋನಿನಲ್ಲಿ ಒತ್ತಿದರು. ಒತ್ತಿದವರೇ ಫೋನನ್ನು ನನ್ನ ಮುಖಕ್ಕೆ ಹಿಡಿದರು. ಅದರಲ್ಲಿ ಹೆಸರು ಬಂದಿತ್ತು: ಮಟನ್ ಅಂಗಡಿ.

ಭಾಲ್ಕಿಯ ಮಟನ್ ಅಂಗಡಿಯವರು ಬಿಟ್ಟ ಹಳೇ ನಂಬರನ್ನೇ ಸಿಮ್ ಕಂಪನಿ ನಮಗೆ ಕೊಟ್ಟಿತ್ತು!

ಅಷ್ಟರಲ್ಲಿ ವ್ಯಾಪಾರಿಯ ಹೆಂಡತಿಯ ಫೋನ್ ಬಂತು. ಆಕೆಯ ದನಿ ನಮಗೆಲ್ಲ ಕೇಳುತ್ತಿತ್ತು. "ಆಗಿನಿಂದ ಮಟನ್ ಅಂಗಡಿಗಿ ಹಚ್ಲಿಕ್ಕತ್ತೀನಿ, ಯಾರೂ ಎತ್ತಂಗಿಲ್ಲ. ನೀವೇ ಒಂದು ಕಿಲೋ ತರ್ರಿ."

ನಾನು ಮನಸ್ಸಿನಲ್ಲೇ ಅಂಗಡಿಗೆ ಬೀಗ ಜಡಿದೆ. ವ್ಯಾಪಾರಿ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

"ಯಾರ ಫೋನ್ ಅಂತ ಕೇಳೂದೊಂದು ಡಬ್ಬಿಗಿ ಕಲಸ್ರಿ, ಆರ್ಡರ್ ನಿಮ್ಗೇ. ನಮ್ಮ ಮನಿಯಾಕಿ ಮಟನ್ ಕೇಳ್ಲಿಕ್ಕ ಹೋಗಿ, ಭಾಲ್ಕಿಯಾಗ ಕೂತು ಕುಶನೂರಿನ ತೊಗರಿಗಿ ನೀರು ಬಿಟ್ಟಾಳ. ಇಷ್ಟು ಸಲೀಸು ಮಷೀನ್ ಮತ್ತೆಲ್ಲಿ ಸಿಗ್ತದ್ರಿ?"